ಯಶಶ್ರೀ ಹಿಡಿದ ಬ್ರೇಕು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಮೂವತ್ತೈದು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಹೆಸರು ಈಶ್ವರ್. ಬೀದಿಯವರು ಬೆನ್ನ ಹಿಂದೆ ನನ್ನನ್ನು ಸಿಡುಕ ಅನ್ನುತ್ತಾರೆ, ಅನ್ನಲಿ. ಬ್ರೇಕ್ ಹಿಡಿದ ಹೆಂಗಸನ್ನು ಬ್ರೇಕ್ ಹಿಡಿಯಲಿಲ್ಲ ಅಂತ ಇಪ್ಪತ್ತು ಜನರ ಮುಂದೆ ಹೇಳಿದರೆ, ಅದೂ ನನ್ನ ಹೆಸರನ್ನೇ ಸಾಕ್ಷಿಗೆ ಎಳೆದು ಹೇಳಿದರೆ, ಸಿಡುಕದೆ ಇನ್ನೇನು ಆರತಿ ಎತ್ತಲೇ?

ಆ ಹೆಂಗಸು ಯಶಶ್ರೀ. ವಯಸ್ಸು ಮೂವತ್ತಾರು, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಎದುರಿಗೆ ನಾನೂ ಮೇಡಂ ಅಂತಲೇ ಕರೆಯುವುದು. ಬರೆಯುವಾಗ ಅವಳು ಅನ್ನುತ್ತೇನೆ, ನನ್ನ ಕೊನೇ ತಂಗಿಯ ವಯಸ್ಸು. ಹುಟ್ಟಿದ್ದು ಮಾಗಡಿ ಕಡೆಯ ಹಳ್ಳಿ. ಅಣ್ಣನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲ್ ತುಳಿದು ಕಲಿತವಳು. ಹೈಸ್ಕೂಲಿಗೆ ಬಂದ ಮೇಲೆ “ದೊಡ್ಡೋಳಾದೆ, ಇನ್ನು ಸಾಕು” ಅಂತ ಸೈಕಲ್ ಕಿತ್ತುಕೊಂಡರಂತೆ. ಆ ಸಿಟ್ಟನ್ನು ಇಪ್ಪತ್ತೆರಡು ವರ್ಷ ಹಾಗೇ ಇಟ್ಟುಕೊಂಡಿದ್ದಾಳೆ. ನಮ್ಮಿಬ್ಬರಿಗೂ ಸರಿಹೋಗಿದ್ದು ಅದರಿಂದಲೇ ಇರಬೇಕು.

ಬಸವನಗುಡಿಯಲ್ಲಿ ಒಂದು ಹೆಬ್ಬಂಡೆಯ ಹಿಂದೆ, ಮೊದಲು ಕಲ್ಲು ಒಡೆಯುತ್ತಿದ್ದ ಹಳ್ಳದಲ್ಲಿ, ರುದ್ರೇಶ್ ಅನ್ನುವವನು ಸೈಕಲ್ ಪಾರ್ಕ್ ಮಾಡಿದ್ದಾನೆ. ಪಾರ್ಕ್ ಅಂದರೆ ಬೆಂಚು, ಕಾರಂಜಿ, ಬೆಳಗಿನ ವಾಕಿಂಗ್ ಅಂದುಕೊಳ್ಳಬೇಡಿ. ಮಣ್ಣಿನ ದಿಣ್ಣೆಗಳು, ಹಲಗೆ ಸೇತುವೆ, ಒಂದು ಕಡೆಗೆ ವಾಲಿಸಿ ಕಟ್ಟಿದ ತಿರುವುಗಳು. ದಪ್ಪ ಟೈರಿನ ಸೈಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಹೋಗುವುದು, ಅಲ್ಲಿಂದ ಬಿಟ್ಟುಕೊಂಡು ಬರುವುದು, ಅಷ್ಟೇ ಆಟ. ಮೂರು ದಾರಿಗಳಿವೆ. ಹಸಿರು ಕಲಿಯುವವರಿಗೆ, ನೀಲಿ ಸ್ವಲ್ಪ ಪಳಗಿದವರಿಗೆ, ಕರಿ ಚೆನ್ನಾಗಿ ಪಳಗಿದವರಿಗೆ. ಯಾರು ಯಾವ ದಾರಿಗೆ ಲಾಯಕ್ಕೋ ಆ ಬಣ್ಣದ ಪಟ್ಟಿಯನ್ನು ರುದ್ರೇಶ್ ಅವರ ಹ್ಯಾಂಡಲ್ಲಿಗೆ ಕಟ್ಟುತ್ತಾನೆ. ಭಾನುವಾರ, ರಜಾದಿನಗಳಲ್ಲಿ ನಾನು ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಕೂತು, ಮೇಲೆ ಹೋಗುವ ಪ್ರತಿ ಸೈಕಲ್ಲನ್ನೂ ನೋಡಿ “ಸರಿ ಇದೆ” ಅನ್ನಬೇಕು. ಕೇಳುವುದಕ್ಕೆ ಸಣ್ಣ ಕೆಲಸ.

ಯಶಶ್ರೀ ಮೊದಲು ಬಂದದ್ದು ಮೂರು ವರ್ಷದ ಹಿಂದೆ, ಶಾಲೆಯ ಮಕ್ಕಳನ್ನು ಕರೆದುಕೊಂಡು. ಮಕ್ಕಳು ಹಿಂದೆ ಮುಂದೆ ನೋಡುತ್ತಿದ್ದರು. “ಕೊಡ್ರೋ ಇಲ್ಲಿ” ಅಂತ ಒಂದು ಸೈಕಲ್ ಕಸಿದುಕೊಂಡು, ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಹೊರಟೇಬಿಟ್ಟಳು. ಎರಡನೇ ದಿಣ್ಣೆಯಲ್ಲಿ ಬಿದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಒಬ್ಬಳೇ ಬಂದು ಗೇಟಿನ ಹತ್ತಿರ ನಿಂತಿದ್ದಳು.

ಹಸಿರಿನಲ್ಲೇ ಅವಳಿಗೆ ಎಂಟು ತಿಂಗಳು ಹೋಯಿತು. ಅವಳಾದ ಮೇಲೆ ಬಂದ ಹುಡುಗರಿಗೆ ಎರಡೇ ತಿಂಗಳಿಗೆ ನೀಲಿ ಪಟ್ಟಿ. ಕೇಳಿದರೆ ರುದ್ರೇಶ್ ನಗುತ್ತಿದ್ದ: “ನಿಮಗೆ ಇಷ್ಟು ಸಾಕು ಮೇಡಂ, ಒಳ್ಳೆ ಎಕ್ಸರ್ಸೈಜ್ ಆಗತ್ತೆ.” ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಮರ್ಯಾದೆಯಾಗಿ ಮಾತಾಡುತ್ತಲೇ ಕೆಳಗೆ ಕೂರಿಸುವವರನ್ನು ಏನು ಮಾಡುವುದು ಹೇಳಿ.

ಅವನು ಹೇಳಿಕೊಡದ್ದನ್ನು ಅವಳು ಎಣಿಸಿ ಎಣಿಸಿ ಕಲಿತಳು. ಯಾವ ದಿಣ್ಣೆಯ ನೆತ್ತಿಯಲ್ಲಿ ಮೈ ಹಗುರ ಮಾಡಬೇಕು, ಇಳಿಜಾರಿನಲ್ಲಿ ಎಲ್ಲಿ ಕೈಕಾಲು ಒತ್ತಿದರೆ ಪೆಡಲ್ ತುಳಿಯದೆ ವೇಗ ಸಿಗುತ್ತದೆ, ತಿರುವಿಗೆ ಎಷ್ಟು ಮೊದಲು ಬ್ರೇಕ್ ಹಿಡಿದು ಎಲ್ಲಿ ಬಿಡಬೇಕು. ಒಂದೇ ತಿರುವನ್ನು ಬೆಳಿಗ್ಗೆಯಿಂದ ಹನ್ನೊಂದರವರೆಗೆ ಮೂವತ್ತು ಸಲ ಮಾಡಿದ್ದನ್ನು ನೋಡಿದ್ದೇನೆ. ಹುಡುಗರು ಬೀಳುವುದು ಬ್ರೇಕ್ ಹಿಡಿಯದೆ. ಇವಳು ಬ್ರೇಕನ್ನೇ ಮೊದಲು ಕಲಿತಳು. ಇದನ್ನು ನೆನಪಿಟ್ಟುಕೊಳ್ಳಿ.

ಬಂಡೆಯಂಚಿನಿಂದ ಸೈಕಲ್ ಸಮೇತ ಹಾರಿ ಕೆಳಗಿಳಿಯುವುದಕ್ಕೆ ಅಲ್ಲಿ ಡ್ರಾಪ್ ಅನ್ನುತ್ತಾರೆ. ನೀಲಿ ದಾರಿಯ ಮಂಡಿಯೆತ್ತರದ ಡ್ರಾಪನ್ನು ಮೊದಲ ಸಲ ಮಾಡಿದ ದಿನ ಅವಳು ಮನೆಗೆ ಹೋಗಿ, ಖುಷಿ ತಡೆಯಲಾಗದೆ, “ಅತ್ತೆ, ಇವತ್ತು ಡ್ರಾಪ್ ಮಾಡ್ದೆ!” ಅಂದಳಂತೆ. ಅತ್ತೆ ಲಕ್ಷ್ಮೀದೇವಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ, “ಯಾರನ್ನ? ಅವರಿಗೇನು ಆಟೋ ಸಿಗ್ಲಿಲ್ವಾ?” ಅಂದರಂತೆ. ಇದನ್ನು ಹೇಳಿ ನನ್ನ ಶೆಡ್ಡಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಯಲ್ಲಿ ಆ ಸೈಕಲ್ಲಿನ ಬಗ್ಗೆ ಆಡುವ ಮಾತು ಅಷ್ಟೇ ಇತ್ತು. ಗಂಡ ಶಶಿಕುಮಾರನಿಗೆ ಟೈಲ್ಸ್ ವ್ಯಾಪಾರ. ಸಾಧು ಮನುಷ್ಯ, ಭಾನುವಾರ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ತಂದು ಬಿಡುತ್ತಿದ್ದ. ಆದರೆ ಮನೆಯಲ್ಲಿ ಸೈಕಲ್ ನಿಲ್ಲುತ್ತಿದ್ದದ್ದು ಹಿತ್ತಲಿನ ಸಂಪಿನ ಪಕ್ಕ, ಹಳೇ ಬೆಡ್‌ಶೀಟ್ ಹೊದಿಸಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ.

ಹೋದ ಶ್ರಾವಣದಲ್ಲಿ ಅವಳಿಗೆ ಕರಿ ಪಟ್ಟಿ ಬಂತು. ರುದ್ರೇಶನಿಗೆ ಕಟ್ಟದೆ ಗತಿಯಿರಲಿಲ್ಲ, ಗಡಿಯಾರ ಹಿಡಿದು ನೋಡಿದರೆ ಇಡೀ ಪಾರ್ಕಿನಲ್ಲಿ ಅವಳಿಗಿಂತ ಬೇಗ ಇಳಿಯುವವರು ಇಬ್ಬರೇ. ಅಕ್ಟೋಬರಿನಲ್ಲಿ ಬೇರೆ ಪಾರ್ಕಿನವರ ಜೊತೆ ಸ್ಪರ್ಧೆ ಇತ್ತು, ಐದು ಜನರ ತಂಡ. ವಿಜಯದಶಮಿಯ ರಜಾದಿನ ಎಲ್ಲರ ಟೈಮ್ ತೆಗೆದು ತಂಡ ಆರಿಸುತ್ತೇನೆ ಅಂತ ಅವನು ಹೇಳಿದ. ಯಶಶ್ರೀಗೆ ಆ ಐದರಲ್ಲಿ ಒಬ್ಬಳಾಗಬೇಕಿತ್ತು. ಬೇರೇನೂ ಬೇಕಿರಲಿಲ್ಲ. “ಈಶ್ವರಣ್ಣ, ಒಂದು ಸಲ ಆ ಹೆಸರಿನ ಪಟ್ಟೀಲಿ ಬಂದ್ಬಿಟ್ರೆ ಸಾಕು, ಆಮೇಲೆ ಯಾರೂ ಎಕ್ಸರ್ಸೈಜ್ ಅನ್ನಲ್ಲ” ಅಂದಿದ್ದಳು.

ಆ ಕರಿ ಪಟ್ಟಿಯನ್ನು ಮನೆಯಲ್ಲಿ ಲಕ್ಷ್ಮೀದೇವಮ್ಮ ನೋಡಿದರು. ನೋಡಿ ಅವರಿಗೆ ಹೊಳೆದದ್ದು ಒಂದೇ: ದೃಷ್ಟಿಗೆ ಕಟ್ಟಿದ್ದಾರೆ. ಲಾರಿಗೆ, ಆಟೋಗೆ, ಹೊಸ ಮನೆಗೆ ಕಟ್ಟುವ ಹಾಗೆ. ಹಾಗಾದರೆ ಅಲ್ಲಿರುವವರೂ ದೇವರು ದಿಂಡರು ಅಂತ ನಂಬುವ ಜನವೇ, ಇದೂ ಒಂದು ಗಾಡಿಯೇ ಅಂತ ಅವರ ಮನಸ್ಸು ಮೆತ್ತಗಾಯಿತು. ಸೊಸೆಗೆ ಮಾತ್ರ ಏನೂ ಹೇಳಲಿಲ್ಲ.

ಆಯುಧಪೂಜೆಯ ದಿನ ಯಶಶ್ರೀ ಮನೆಯಲ್ಲಿರಲಿಲ್ಲ. ಹಬ್ಬದ ದಿನವೂ ಬಿಡದೆ ಸರ್ಕಾರದವರು ಮೇಷ್ಟ್ರು ಮೇಡಂಗಳನ್ನೆಲ್ಲ ಮನೆ ಮನೆ ಸಮೀಕ್ಷೆಗೆ ಓಡಿಸಿದ್ದರು, ಅದೊಂದು ಬೇರೆ ಸಿಟ್ಟು. ಇತ್ತ ಅಂಗಳದಲ್ಲಿ ಕಾರು, ಸ್ಕೂಟರು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಲಕ್ಷ್ಮೀದೇವಮ್ಮ ಹಿತ್ತಲಿಗೆ ಹೋಗಿ, ಬೆಡ್‌ಶೀಟ್ ಎಳೆದು, ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಂದು ಆ ಸಾಲಿನಲ್ಲಿ ನಿಲ್ಲಿಸಿದರು. ಮಣ್ಣು ಒರೆಸಿದರು. ಚಕ್ರದ ನಡುವೆ ಬೆಳ್ಳಿ ತಟ್ಟೆಯ ಹಾಗೆ ಒಂದು ಬಿಲ್ಲೆ ಇತ್ತಲ್ಲ, ಅದು ಮಂಕಾಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆಯ ತುಂಡಿನಲ್ಲಿ ತಿಕ್ಕಿ ತಿಕ್ಕಿ ಮಿರಮಿರ ಮಿಂಚಿಸಿದರು. ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮ. ಮುಂದಿನ ಚಕ್ರಕ್ಕೂ, ಹಿಂದಿನ ಚಕ್ರಕ್ಕೂ. ಟೈರಿನ ಕೆಳಗೆ ನಿಂಬೆಹಣ್ಣು. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ.

ಆ ಬಿಲ್ಲೆಯೇ ಡಿಸ್ಕು. ಎರಡು ಪುಟ್ಟ ಪ್ಯಾಡುಗಳು ಅದನ್ನು ಎರಡು ಕಡೆಯಿಂದ ಅಮುಕಿ ಹಿಡಿದರೆ ಗಾಡಿ ನಿಲ್ಲುತ್ತದೆ. ಅದಕ್ಕೆ ಎಣ್ಣೆ ಸೋಕಿದರೆ ಹ್ಯಾಂಡಲ್ಲಿನ ಬ್ರೇಕ್ ಲಿವರ್ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಸಂಜೆ ದಣಿದು ಬಂದ ಯಶಶ್ರೀ ಕಾರಿನ ಪಕ್ಕದಲ್ಲಿ ಹಾರ ಹಾಕಿಕೊಂಡು ನಿಂತ ತನ್ನ ಸೈಕಲ್ ನೋಡಿದಳು. ಹಾರದ ಹೂವನ್ನು ಮೆಲ್ಲಗೆ ಮುಟ್ಟಿ ಒಳಗೆ ಹೋದಳಂತೆ. ಮರುದಿನ, ವಿಜಯದಶಮಿಯ ಬೆಳಿಗ್ಗೆ, ಹಾರವನ್ನಷ್ಟೇ ತೆಗೆದು, ಕುಂಕುಮ ಅಳಿಸಲು ಮನಸ್ಸಾಗದೆ, ಹಾಗೆಯೇ ಕಾರಿಗೆ ಕಟ್ಟಿಸಿಕೊಂಡು ಬಂದಳು. ಬರುವ ಹೊತ್ತಿಗೆ ರುದ್ರೇಶ್ ಕೂಗುತ್ತಿದ್ದ: “ಮೇಡಂ, ಲೇಟು! ಸೀದಾ ಮೇಲೆ ಹೋಗಿ, ನಿಮ್ದೇ ನೆಕ್ಸ್ಟು!” ಶೆಡ್ಡಿನ ಮುಂದೆ ನಿಲ್ಲಿಸಿದಳು. ನಾನು ಟೈರ್ ಒತ್ತಿದೆ, ಲಿವರ್ ಎರಡೂ ಹಿಂಡಿದೆ, ಗಟ್ಟಿಯಾಗಿತ್ತು. ಕುಂಕುಮ ಕಂಡಿತು. ಅವತ್ತು ಎಲ್ಲ ಸೈಕಲ್ಲಿನ ಮೇಲೂ ಕುಂಕುಮ ಇತ್ತು. ಚಕ್ರ ಉರುಳಿಸಿ ಬ್ರೇಕ್ ಹಿಡಿದು ನೋಡಬೇಕಾದವನು ನೋಡಲಿಲ್ಲ. “ಸರಿ ಇದೆ, ಹೋಗಿ ಮೇಡಂ” ಅಂದೆ.

ಕರಿ ದಾರಿ ಶುರುವಾಗುವುದೇ ಸೊಂಟದೆತ್ತರದ ಡ್ರಾಪಿನಿಂದ, ಅದಕ್ಕೆ ಮೊದಲು ಬ್ರೇಕ್ ಹಿಡಿಯುವ ಕೆಲಸವೇ ಇಲ್ಲ. ಇಳಿದ ಮೇಲೆ ಮೂವತ್ತಡಿ ನೇರ, ಆಮೇಲೆ ಗಕ್ಕನೆ ಎಡಕ್ಕೆ ತಿರುವು. ಆ ಮೂವತ್ತಡಿಯಲ್ಲಿ ವೇಗ ಇಳಿಸದಿದ್ದರೆ ತಿರುವಿನಾಚೆ ಲಂಟಾನ ಪೊದೆ, ಅದರ ಹಿಂದೆ ಕಲ್ಲು. ನನ್ನ ಶೆಡ್ಡಿನಿಂದ ಆ ಜಾಗ ಕಾಣುವುದಿಲ್ಲ. ಸದ್ದು ಕೇಳಿತು. ಓಡಿದೆ. ಪೊದೆಯೊಳಗಿಂದ ಅವಳನ್ನು ಎಳೆದು ತಂದರು. ಮೂಳೆ ಮುರಿದಿರಲಿಲ್ಲ, ಮೊಣಕೈ ಮಾತ್ರ ಸೀಳಿಹೋಗಿತ್ತು. ಆಮೇಲೆ ಏಳು ಹೊಲಿಗೆ ಬಿತ್ತು.

ಮೊಣಕೈಗೆ ಟವೆಲ್ ಒತ್ತಿಕೊಂಡು ಕೂತಲ್ಲಿಂದಲೇ ಅವಳು ಹೇಳಿದಳು. “ಬ್ರೇಕ್ ಹಿಡಿದಿದ್ದೆ ರುದ್ರೇಶ್. ಎರಡೂ ಕೈಯಲ್ಲಿ ಹಿಡಿದಿದ್ದೆ.”

“ಗಾಡಿ ಪರ್ಫೆಕ್ಟ್ ಆಗಿದೆ ಮೇಡಂ. ಈಶ್ವರಣ್ಣನೇ ಚೆಕ್ ಮಾಡಿದಾರೆ. ಭಯಕ್ಕೆ ಕೈ ಹಂಗೇ ನಿಂತೋಗತ್ತೆ. ಲೇಡೀಸ್‌ಗೆ ಕಾಮನ್ನು, ಬೇಜಾರ್ ಮಾಡ್ಕೋಬೇಡಿ.”

ಅವಳು ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಸ್ಪ್ಯಾನರ್ ನೋಡಿಕೊಂಡೆ. ಅಷ್ಟರಲ್ಲಿ ಅವನು ಕತ್ತರಿ ತಂದು, ಅಷ್ಟೂ ಜನರ ಎದುರಿಗೆ, ಅವಳ ಹ್ಯಾಂಡಲ್ಲಿನ ಕರಿ ಪಟ್ಟಿಯನ್ನು ಕತ್ತರಿಸಿದ. “ಸೇಫ್ಟಿ ಮೇಡಂ. ಹಸಿರಿಂದ ಮತ್ತೆ ಶುರು ಮಾಡೋಣ.” ಅವಳು ಬಿದ್ದದ್ದನ್ನು ಯಾರೋ ಕೆಳಗಿನಿಂದ ವಿಡಿಯೋ ಮಾಡಿದ್ದರು. ಮಧ್ಯಾಹ್ನದೊಳಗೆ ಅದು ಪಾರ್ಕಿನ ವಾಟ್ಸಾಪ್ ಗುಂಪಿನಲ್ಲಿತ್ತು, ಕೆಳಗೆ “ಬ್ರೇಕ್ ಎಲ್ಲಿ ಮೇಡಂ?” ಅಂತ ಬರೆದು ನಗುವ ಮುಖಗಳು.

ಮರುದಿನ ಶಶಿಕುಮಾರ್ ಸೈಕಲ್ ತಂದು ನನ್ನ ಅಂಗಡಿಯಲ್ಲಿ ಇಳಿಸಿದ. “ರೆಡಿ ಮಾಡ್ಬಿಡಿ ಈಶ್ವರಣ್ಣ. ಯಾರಿಗಾದ್ರೂ ಕೊಟ್ಬಿಡೋಣ. ಮನೇಲಿ ಎಲ್ರಿಗೂ ಭಯ ಆಗಿದೆ” ಅಂದ. ಸೊಟ್ಟಗಾದ ಮುಂಚಕ್ರ ಬಿಚ್ಚಿದೆ. ಪ್ಯಾಡ್ ತೆಗೆದು ನೋಡಿದರೆ ಗಾಜಿನ ಹಾಗೆ ನುಣುಪು. ಡಿಸ್ಕಿನ ಸಣ್ಣ ಸಣ್ಣ ತೂತುಗಳಲ್ಲಿ ಕೆಂಪು ಮೆತ್ತಿಕೊಂಡಿತ್ತು. ಅನುಮಾನ ಬಂದು ಪ್ಯಾಡಿಗೆ ಸ್ವಲ್ಪ ಬೆಂಕಿ ತೋರಿಸಿದೆ. ಕೊಬ್ಬರಿ ಎಣ್ಣೆಯ ಘಮ ಅಂಗಡಿ ತುಂಬ ತುಂಬಿಕೊಂಡಿತು. ನನಗೆ ಪಿತ್ತ ನೆತ್ತಿಗೇರಿತು. ಡಿಸ್ಕನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು, ಶಟರ್ ಅರ್ಧ ಎಳೆದು, ಸೀದಾ ಅವರ ಮನೆಗೆ ನಡೆದೆ.

ಹಾಲಿನಲ್ಲಿ ಪಕ್ಕದ ಮನೆಯ ಹೆಂಗಸರಿಬ್ಬರು ಕೂತಿದ್ದರು. ಲಕ್ಷ್ಮೀದೇವಮ್ಮ ಅವರಿಗೆ ಕಾಫಿ ಕೊಡುತ್ತಾ ಹೇಳುತ್ತಿದ್ದರು: “ಹಿಂದಿನ ದಿನ ನಾನು ಕೈಯಾರೆ ಪೂಜೆ ಮಾಡಿದ್ದಕ್ಕೆ ಏಳು ಹೊಲಿಗೇಲಿ ಹೋಯ್ತು ಕಣ್ರವ್ವ. ಇಲ್ದಿದ್ರೆ ಏನಾಗ್ತಿತ್ತೋ.”

ನಿಧಾನವಾಗಿ ಹೇಳಬಹುದಿತ್ತು. ನನಗೆ ನಿಧಾನ ಬರುವುದಿಲ್ಲ. “ಅಮ್ಮಾ, ನಿಮ್ಮ ಪೂಜೆಯಿಂದ ಉಳಿದಿದ್ದಲ್ಲ, ಅದರಿಂದ್ಲೇ ಬಿದ್ದಿದ್ದು” ಅಂದುಬಿಟ್ಟೆ. ಡಿಸ್ಕು ಬಿಚ್ಚಿ ಟೀಪಾಯಿ ಮೇಲಿಟ್ಟು ಎಲ್ಲ ಹೇಳಿದೆ. ಬಂದಿದ್ದ ಹೆಂಗಸರು ಕಾಫಿ ಲೋಟ ಕೆಳಗಿಟ್ಟರು.

ಯಶಶ್ರೀ ಒಳಗಿನಿಂದ ಬಂದಿದ್ದಳು. ಗಾಯದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಡಿಸ್ಕು ಎತ್ತಿ ಮೂಸಿ ನೋಡಿದಳು. ನನಗೇ ಮೊದಲು ಬಿತ್ತು. “ನಿಂತ ಗಾಡಿಯ ಲಿವರ್ ಹಿಂಡಿ ಸರಿ ಇದೆ ಅಂದ್ರಾ ಈಶ್ವರಣ್ಣ?”

“ಹೌದು ಮೇಡಂ. ತಪ್ಪಾಯ್ತು.”

“ಅವನು ನಿಮ್ಮ ಹೆಸರು ಹೇಳ್ದಾಗ ಯಾಕೆ ಬಾಯಿ ಬಿಡ್ಲಿಲ್ಲ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನನಗೂ ಹಂಗೇ ಅನ್ನಿಸ್ತು. ನೀವು ಹೆದರ್ಕೊಂಡ್ರಿ ಅಂತ.”

ಮೂವತ್ತು ಸಲ ಒಂದೇ ತಿರುವು ಮಾಡಿದವಳನ್ನು ಕಣ್ಣಾರೆ ನೋಡಿದ್ದ ನಾನು ಹಾಗೆ ಅಂದುಕೊಂಡೆ. ಮೊಣಕೈ ಸೀಳಿದಾಗ ಬರದ ನೀರು ಅವಳ ಕಣ್ಣಲ್ಲಿ ಆಗ ಬಂತು. ನನ್ನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಅದೇ.

ಅವಳು ಅತ್ತೆಯ ಕಡೆ ತಿರುಗಿದಳು. “ಅತ್ತೆ, ಅದನ್ನ ಯಾಕೆ ಮುಟ್ಟಿದ್ರಿ?”

ಲಕ್ಷ್ಮೀದೇವಮ್ಮ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಎದ್ದು ನಿಂತರು, ದನಿ ಏರಿತು. “ಮೂರು ವರ್ಷದಿಂದ ಈ ಮನೇಲಿ ಸೈಕಲ್ ಇಟ್ಕೊಂಡಿದೀಯ. ಇದು ಬ್ರೇಕು, ಇದನ್ನ ಮುಟ್ಬೇಡಿ ಅಂತ ಒಂದು ದಿನ ನಂಗೆ ಹೇಳಿದ್ಯಾ? ಹೆಂಗೆ ನಿಲ್ಲತ್ತೆ, ಹೆಂಗೆ ಹಾರತ್ತೆ ಅಂತ ತೋರ್ಸಿದ್ಯಾ? ಬೆಡ್‌ಶೀಟ್ ಮುಚ್ಚಿ ಇಟ್ಟೆ. ನಾನೇನು ನೋಡ್ತಿರ್ಲಿಲ್ವಾ?”

“ನೀವು ಕೇಳಿದ್ರಾ?” ಯಶಶ್ರೀಯೂ ಕಿರುಚಿದಳು. “ಒಂದು ದಿನ ಕೇಳಿದ್ರಾ?”

“ಕೇಳೋಕೆ ಬರ್ಲಿಲ್ಲ ಕಣೇ ನಂಗೆ! ಅದಕ್ಕೇ ಪೂಜೆ ಮಾಡ್ದೆ!”

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಎರಡು ದಿನ ಬಿಟ್ಟು ಶಶಿಕುಮಾರ್ ಫೋನ್ ಮಾಡಿ, ಸೈಕಲ್ ಯಾರಿಗೂ ಕೊಡುವುದು ಬೇಡ ಅಂದ. ಹೊಸ ಪ್ಯಾಡ್ ಹಾಕಿ, ಡಿಸ್ಕುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಅಡ್ಡರಸ್ತೆಯಲ್ಲಿ ನಾನೇ ಇಪ್ಪತ್ತು ಸಲ ಓಡಿಸಿ ಹಿಡಿದು ಬ್ರೇಕನ್ನು ಹದ ಮಾಡಿದೆ.

ಹೊಲಿಗೆ ಬಿಚ್ಚಿದ ವಾರದ ಭಾನುವಾರ ಮೂವರೂ ಪಾರ್ಕಿಗೆ ಹೋದೆವು, ಯಶಶ್ರೀ, ಲಕ್ಷ್ಮೀದೇವಮ್ಮ, ನಾನು. ಸ್ಪರ್ಧೆಗೆ ಇನ್ನೂ ಒಂದು ವಾರ ಇತ್ತು. ಎಲ್ಲರೂ ಇದ್ದರು. ಎಲ್ಲರೂ ಇರಬೇಕು ಅಂತಲೇ ಹೋಗಿದ್ದು. “ನಾನು ಉರುಳಿಸಿ ನೋಡದೆ ಸರಿ ಇದೆ ಅಂದಿದ್ದೆ. ಡಿಸ್ಕಲ್ಲಿ ಎಣ್ಣೆ ಇತ್ತು. ಮೇಡಂ ಬ್ರೇಕ್ ಹಿಡಿದಿದ್ರು” ಅಂತ ಗಟ್ಟಿಯಾಗಿ ಹೇಳಿದೆ.

“ಎಣ್ಣೆ ಹಚ್ಚಿದ್ದು ನಾನಪ್ಪ” ಅಂದರು ಲಕ್ಷ್ಮೀದೇವಮ್ಮ. “ಇವಳದ್ದೇನೂ ತಪ್ಪಿಲ್ಲ. ಅದೇನೋ ಕಪ್ಪು ಪಟ್ಟಿ ಕತ್ತರಿಸಿದ್ಯಂತಲ್ಲ, ಅದನ್ನ ಕಟ್ಟು.”

ರುದ್ರೇಶ್ ನಕ್ಕ. ಮರ್ಯಾದೆಯಾಗಿಯೇ ನಕ್ಕ. “ಅಯ್ಯೋ, ಹಬ್ಬದಲ್ಲಿ ಹಂಗಾಗತ್ತೆ ಬಿಡಿ ಅಮ್ಮ. ಪಟ್ಟಿಗೇನು, ಈಗ್ಲೇ ಕಟ್ತೀನಿ. ಆದ್ರೆ ಟೀಮ್ ಹೆಸರು ಕಳ್ಸಿ ಆಯ್ತು ಮೇಡಂ. ಮುಂದಿನ ವರ್ಷ ನೋಡೋಣ. ಅದೂ ಅಲ್ದೆ ಒಂದು ಸಲ ಬಿದ್ಮೇಲೆ ಭಯ ಅನ್ನೋದು ಒಳಗೆ ಕೂತಿರತ್ತೆ, ನೀವು ಒಪ್ಕೊಳ್ಳಿ ಬಿಡಿ.”

ಎಣ್ಣೆ ಹಚ್ಚಿದವರು ಒಪ್ಪಿಕೊಂಡಾಯಿತು, ನೋಡದೆ ಬಿಟ್ಟವನು ಒಪ್ಪಿಕೊಂಡಾಯಿತು. ಆದರೂ ಒಪ್ಪಿಕೊಳ್ಳಬೇಕಾದದ್ದು ಇನ್ನೂ ಅವಳೇ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೇಳಿಬಿಡುತ್ತಿದ್ದೆ, ಆದರೆ ಯಶಶ್ರೀ ಆಗಲೇ ಹೆಲ್ಮೆಟ್ ಹಾಕಿಕೊಂಡು ಸೈಕಲ್ ತಳ್ಳಿಕೊಂಡು ಮೇಲೆ ಹೊರಟಿದ್ದಳು. ಕರಿ ದಾರಿಯ ಕಡೆಗೆ. “ಮೇಡಂ, ಪಟ್ಟಿ ಇಲ್ದೆ ಹೋಗೋ ಹಂಗಿಲ್ಲ!” ಅಂತ ರುದ್ರೇಶ್ ಕೂಗಿದ. ಅವಳು ತಿರುಗಿ ನೋಡಲಿಲ್ಲ. ನಾವೆಲ್ಲ ತಿರುವಿನ ಹತ್ತಿರ ಓಡಿದೆವು. ಲಕ್ಷ್ಮೀದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ತೋಳು ಹಿಡಿದು ಆ ದಿಣ್ಣೆ ಹತ್ತಿದರು.

ಬಂಡೆಯಂಚಿನಲ್ಲಿ ಅವಳು ಕಾಣಿಸಿದಳು. ಮೈ ಹಗುರ ಮಾಡಿ ಹಾರಿದಳು, 'ಧಪ್' ಅಂತ ಎರಡೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು. ನನ್ನ ತೋಳಿನ ಮೇಲೆ ಲಕ್ಷ್ಮೀದೇವಮ್ಮನ ಉಗುರು ಊರಿತು. ಯಶಶ್ರೀ ಬ್ರೇಕ್ ಹಿಡಿದಳು. ಟೈರು ಮಣ್ಣಿನಲ್ಲಿ ಕರ್ ಅಂದಿತು. ಮೂವತ್ತಡಿ ಪೂರ್ತಿ ಬೇಕಾಗಲೇ ಇಲ್ಲ, ಹದಿನೈದಕ್ಕೇ ಸೈಕಲ್ ನಿಂತಿತು. ತಿರುವು ಇನ್ನೂ ಮುಂದಿತ್ತು. ಅವಳು ಎಡಗಾಲು ಕೆಳಗೂರಿ ಅಲ್ಲೇ ನಿಂತಳು.

“ಯಾಕೆ ನಿಂತ್ರಿ? ಪೂರ್ತಿ ಮಾಡಿ ಮೇಡಂ!” ಅಂದ ರುದ್ರೇಶ್. ಅವನ ಕೈಯಲ್ಲಿ ಗಡಿಯಾರ ಇತ್ತು, ಯಾವಾಗ ಒತ್ತಿದ್ದನೋ.

ಅವಳು ಅವನನ್ನು ನೋಡಿದಳು.

“ಬ್ರೇಕ್ ಹಿಡಿದೆ. ಅದಕ್ಕೆ ನಿಂತೆ.”